ನಲವತ್ತೆರಡನೇ ಪುಟದ ಕಾಶಪ್ಪ

ಪೆದ್ದೆಮುಲ್ ಹತ್ತಿರದ ಕುರುಬರ ಹಟ್ಟಿ,
12 ಜೂನ್ 2023

ಧನರಾಜ ಮಾಸ್ತರರಿಗೆ ನಮಸ್ಕಾರ.

ನಾನು ನಾಗರತ್ನಾ. ಇಲ್ಲಿಯ ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆ. ನೀವು ನನ್ನನ್ನು ನೋಡಿಲ್ಲ, ನಾನೂ ನಿಮ್ಮನ್ನು ನೋಡಿಲ್ಲ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ಹೆಸರಾಂತವರ ಬಗ್ಗೆ ನೀವು ಬರೆದ ‘ಮೂರು ಊರು, ನೂರು ಹೆಸರು’ ಪುಸ್ತಕವನ್ನು ನನ್ನ ಗೆಳತಿ ಸ್ವರೂಪಾ ತಂದುಕೊಟ್ಟಳು. “ನಿಮ್ಮಪ್ಪನ ಹೆಸರು ಬಂದದ ನೋಡವ್ವ, ಪೇಢಾ ತಿನ್ಸು” ಅಂದಳು. ಖುಷಿಯಿಂದ ಮನೆಗೆ ಒಯ್ದು ಅವ್ವನ ಮುಂದೆ ಕೂತು ನಲವತ್ತೆರಡನೇ ಪುಟ ಗಟ್ಟಿಯಾಗಿ ಓದಿದೆ. ಆ ಓದಿದ ಬಾಯಿಗೆ ಇವತ್ತು ಬಡಿದುಕೊಳ್ಳುತ್ತಿದ್ದೇನೆ.

ನೀವು ಬರೆದದ್ದು ಹೀಗಿದೆ: 1996ರ ಶ್ರಾವಣದಲ್ಲಿ ನಮ್ಮ ಹಳ್ಳಕ್ಕೆ ನೀರು ಬಂದು ತಾಂಡೂರಿನ ಜೀಪು ಸೇತುವೆಯಿಂದ ಜಾರಿದಾಗ ಕಾಶಪ್ಪ ಎಂಬವರು ಕುರಿ ಹಟ್ಟಿಯ ಸುತ್ತ ಕಟ್ಟುವ ಬಲೆಯನ್ನು ಮರಕ್ಕೆ ಬಿಗಿದು ಏಳು ಮಂದಿಯನ್ನು ದಡಕ್ಕೆ ತಂದರು. ತಮ್ಮ ಹೆಸರು ಕೇಳಿದ ಒಬ್ಬರಿಗೆ “ಮೊದ್ಲು ಬಲೆ ಹಿಡಿ, ಹೆಸರು ದಂಡ್ಯಾಗ ಹೇಳ್ತೀನಿ” ಅಂದರು. ಇದಿಷ್ಟೂ ಖರೆ. ಅವರು ನನ್ನಪ್ಪ. ನನಗೆ ಆಗ ಆರು ವರ್ಷ.

ಮುಂದೆ ಏನು ಬರೆದಿದ್ದೀರಿ ನೋಡಿರಿ. ಆ ಕಾಶಪ್ಪನವರು ಬಳಿಕ ನಾರಾಯಣಖೇಡದಲ್ಲಿ ಕನ್ನಡ ಶಾಲೆ ನಡೆಸಿ, 2009ರಲ್ಲಿ ಹೆಂಡತಿ ಉಮಾಬಾಯಿ ಮತ್ತು ಮಕ್ಕಳ ಎದುರು ಸುಖವಾಗಿ ಕಣ್ಣು ಮುಚ್ಚಿದರು ಎಂದು ಬರೆದಿದ್ದೀರಿ. ಮಾಸ್ತರರೇ, ನನ್ನಪ್ಪನಿಗೆ ಅಕ್ಷರವೇ ಬರುತ್ತಿರಲಿಲ್ಲ. ಏಳನೆಯವರನ್ನು ತಂದ ಮೇಲೆ ಅಪ್ಪ ಮೇಲೆ ಬರಲೇ ಇಲ್ಲ, ಹೆಣವೂ ಸಿಗಲಿಲ್ಲ.

ಹೆಣ ಸಿಗದ್ದಕ್ಕೇ ನನ್ನ ಅವ್ವ ಲಕ್ಷ್ಮಿಬಾಯಿ ಇಂದಿಗೂ ತಾಳಿ ತೆಗೆದಿಲ್ಲ. ಪುಟ ಮುಗಿಯುವಷ್ಟರಲ್ಲಿ ಅವಳು ತಾಳಿ ಹಿಡಿದುಕೊಂಡಿದ್ದಳು. “ಅಂದ್ರ ಬದುಕಿದ್ರು. ಹದಿಮೂರು ವರ್ಷ ಖೇಡದಾಗ ಬ್ಯಾರೆ ಸಂಸಾರ ಮಾಡ್ಕೊಂಡು ಬದುಕಿದ್ರು” ಅಂದಳು. ಅವತ್ತಿನಿಂದ ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಡುತ್ತಾಳೆ. ನಾನು ಹೇಳಿದರೆ ನಂಬುವುದಿಲ್ಲ, ಅಚ್ಚಾದ ಪುಸ್ತಕ ಸುಳ್ಳು ಹೇಳುತ್ತದೆಯೇ ಅನ್ನುತ್ತಾಳೆ.

ತಿದ್ದುಪಡಿ ಇದ್ದರೆ ಅಂಚೆಯಲ್ಲೇ ಬರೆಯಿರಿ ಎಂದು ಕೊನೆಯ ಪುಟದಲ್ಲಿ ಹಾಕಿದ್ದೀರಿ. ಬರೆದಿದ್ದೇನೆ. ನಿಮ್ಮ ಕೈಯಾರೆ ಒಂದು ಸಾಲು ಬರೆದು ಕಳಿಸಿರಿ, ಅವ್ವನಿಗೆ ಓದಿ ಹೇಳುತ್ತೇನೆ.

ನಾಗರತ್ನಾ


ಜಹೀರಾಬಾದ್,
24 ಜೂನ್ 2023

ಶ್ರೀಮತಿ ನಾಗರತ್ನಾ ಅವರಿಗೆ,

ತಮ್ಮ ಪತ್ರ ತಲುಪಿತು. ತಾಯಿಯವರ ಆರೋಗ್ಯದ ವಿಷಯ ತಿಳಿದು ಬೇಸರವಾಯಿತು.

ನಮ್ಮ ಭಾಗದಲ್ಲಿ ಒಂದೇ ಹೆಸರಿನ ಹಿರಿಯರು ಅನೇಕರಿದ್ದಾರೆ. ಸತ್ತ ಅಜ್ಜನ ಹೆಸರನ್ನೇ ಹುಟ್ಟಿದ ಕೂಸಿಗೆ ಇಡುವ ನಾಡು ನಮ್ಮದು. ಈ ತೊಡಕು ನನಗೆ ಮೊದಲೇ ಗೊತ್ತಿತ್ತು, ಆದ್ದರಿಂದ ಆರು ವರ್ಷ ಊರೂರು ತಿರುಗಿ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಗುರುತಿಸಿದ್ದೇನೆ. ನಲವತ್ತೊಂದನೇ ಪುಟದಲ್ಲಿ ಜಹೀರಾಬಾದಿನ ಪೈಲ್ವಾನ ಕಾಶಪ್ಪ ಇದ್ದಾರೆ. ನಲವತ್ಮೂರರಲ್ಲಿ ಬೇವಿನ ಕವಲು ಹಿಡಿದು ಬಾವಿಗೆ ಜಾಗ ತೋರಿಸುತ್ತಿದ್ದ ಮೊಗುಡಂಪಲ್ಲಿಯ ಕಾಶಪ್ಪ ಇದ್ದಾರೆ. ನಡುವಿನ ಪುಟದಲ್ಲಿರುವುದು ನಾರಾಯಣಖೇಡದ ಕಾಶಪ್ಪ ಮಾಸ್ತರರು, ನನ್ನ ಆಪ್ತ ಮಿತ್ರರು. ಒಬ್ಬರನ್ನು ಇನ್ನೊಬ್ಬರಲ್ಲಿ ಬೆರೆಸುವ ಅಜಾಗರೂಕತೆ ನನ್ನದಲ್ಲ.

ಹಳ್ಳದ ಘಟನೆ ಇಪ್ಪತ್ತೇಳು ವರ್ಷ ಹಳೆಯದು. ಎರಡನೆಯ ಮುದ್ರಣವಾದರೆ ತಮ್ಮ ಸೂಚನೆಯನ್ನು ಪರಿಶೀಲಿಸಲಾಗುವುದು.

ಇತಿ ತಮ್ಮ ವಿಶ್ವಾಸಿ,
ಧನರಾಜ
ನಿವೃತ್ತ ಕನ್ನಡ ಶಿಕ್ಷಕ


ಕುರುಬರ ಹಟ್ಟಿ,
9 ಜುಲೈ 2023

ಮಾಸ್ತರರಿಗೆ,

ನಿಮ್ಮ ಪತ್ರವನ್ನು ಅವ್ವನಿಗೆ ಓದಲಿಲ್ಲ. ಓದುವಂಥದ್ದೇನೂ ಅದರಲ್ಲಿ ಇರಲಿಲ್ಲ. “ಪರಿಶೀಲಿಸಲಾಗುವುದು” ಎಂಬ ಮಾತನ್ನು ನಾವು ಆಫೀಸುಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಪೈಲ್ವಾನರನ್ನು ಬಾವಿಯವರ ಜೊತೆ ಬೆರೆಸಲಿಲ್ಲ, ಬಾವಿಯವರನ್ನು ಮಾಸ್ತರರ ಜೊತೆ ಬೆರೆಸಲಿಲ್ಲ. ಇಷ್ಟು ಹುಷಾರಿರುವ ನೀವು ನನ್ನಪ್ಪನೊಬ್ಬನನ್ನೇ ಒಯ್ದು ಇನ್ನೊಬ್ಬರ ಬದುಕಿನೊಳಗೆ ಹೇಗೆ ಹಾಕಿದಿರಿ?

ನನಗೆ ಯಾಕಿಷ್ಟು ಪರೇಶಾನಿ ಅಂದರೆ ಕೇಳಿರಿ. ನಮ್ಮ ಮಂದಿಯಲ್ಲಿ ಒಂದು ಪದ್ಧತಿ ಇದೆ. ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಅದು ನಿಮ್ಮ ಮಂದಿಯಲ್ಲೂ ಇರಬಹುದು. ಆದರೆ ಗಂಡ ನೀರಿಗೆ ಹೋಗಿ ಹೆಣ ಸಿಗದಿದ್ದರೆ ಅವಳು ಅದೇ ನೀರಿನಲ್ಲಿ ನಿಂತು ಮೂರು ಸಲ ಅವನ ಹೆಸರು ಹಿಡಿದು ಕೂಗಬೇಕು. ಅವನನ್ನು ಎಲ್ಲರಿಗಿಂತ ಕಡೆಗೆ ಕಂಡವರು ನೀರಿನಲ್ಲಿ ಬೆನ್ನು ಮಾಡಿ ನಿಂತು ಅವನ ಪರವಾಗಿ “ಓ” ಅನ್ನಬೇಕು. ಆಗ ಅವನು ಮನೆಗೆ ಬಂದು ಹಿರಿಯರ ಜೊತೆ ಕೂಡುತ್ತಾನೆ. ಅಲ್ಲಿಯವರೆಗೆ ಅವನು ಸತ್ತವನೂ ಅಲ್ಲ, ಇದ್ದವನೂ ಅಲ್ಲ.

ನನ್ನಪ್ಪನನ್ನು ಕಡೆಗೆ ಕಂಡವರು ಯಾರೆಂದು ಯಾರೂ ಹೇಳಲಿಲ್ಲ. ಬದುಕಿ ಉಳಿದ ಏಳು ಮಂದಿಯಲ್ಲಿ ಆರು ಮಂದಿ ಮನೆಗೆ ಬಂದು ಅತ್ತು ಹೋದರು, ಅವರೆಲ್ಲ ಮೊದಲೇ ದಡ ಸೇರಿದವರು. ಏಳನೆಯವರು ಬರಲೇ ಇಲ್ಲ. ಹಾಗಾಗಿ ಅವ್ವ ಕೂಗಲಿಲ್ಲ. ಅಪ್ಪನ ಕಂಬಳಿ ಪ್ರತಿ ಸೋಮವಾರ ಗೋಡೆಯ ಮೇಲೆ ಬಿಸಿಲಿಗೆ ಬೀಳುತ್ತದೆ. ಮಳೆ ಬಂದರೆ ಅವ್ವ ಬಾಗಿಲಿಗೆ ಹೋಗಿ “ಕಾಲ್ ಒರಸ್ಕೊಂಡು ಬರ್ರಿ” ಅನ್ನುತ್ತಾಳೆ. ಸಣ್ಣವಳಿದ್ದಾಗ ನಾನು ಆ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ. ಈಗಲೂ ಕೂರುವುದಿಲ್ಲ, ಮೂವತ್ಮೂರು ವರ್ಷದ ಹೆಂಗಸು ನಾನು, ನಗಬೇಡಿ.

ಈಗ ಅವ್ವ ಆ ಬಾಗಿಲಿಗೆ ನಿಂತು ಜಗಳ ಮಾಡುತ್ತಾಳೆ. “ಖೇಡ ಏನ್ ದೂರ ಇತ್ತು? ಒಂದ್ ಮಾತು ಹೇಳಿ ಕಳಿಸಾಕ ಬಾಯಿ ಇರ್ಲಿಲ್ಲೇನು?” ಅನ್ನುತ್ತಾಳೆ. ಬರುವ ಭಾನುವಾರ ಅವಳನ್ನು ನಾರಾಯಣಖೇಡಕ್ಕೆ ಕರೆದೊಯ್ಯುತ್ತೇನೆ. ಉಮಾಬಾಯಿಯವರ ಮನೆ ಹುಡುಕಿ ಅವರ ಗಂಡನ ಫೋಟೋ ತೋರಿಸುತ್ತೇನೆ. ನೀವು ಮಾಡಬೇಕಾದ ಕೆಲಸವನ್ನು ನಾನು ಮಾಡುತ್ತಿದ್ದೇನೆ.

ನಾಗರತ್ನಾ


ನಾರಾಯಣಖೇಡ,
30 ಜುಲೈ 2023

ಧನರಾಜಪ್ಪನವರಿಗೆ ಉಮಾಬಾಯಿಯ ಶರಣಾರ್ಥಿ.

ನೀವು ಪುಸ್ತಕ ಕಳಿಸಿದಾಗ ನಾನು ಓದಿ ಸುಮ್ಮನಿದ್ದೆ. ಅದು ನನ್ನ ತಪ್ಪು. ನಮ್ಮವರು ಏಳು ಮಂದಿಯನ್ನು ನೀರಿನಿಂದ ಎತ್ತಿದರು ಎಂದು ಓದಿದಾಗ ಮೊದಲು ನಗು ಬಂತು. ನಮ್ಮವರು ಬಾವಿಯ ಹತ್ತಿರ ಹೋದರೆ ಮಗಳು ಸರಿತಾ ಅವರ ಅಂಗಿ ಹಿಡಿದು ನಿಲ್ಲುತ್ತಿದ್ದಳು, ಅಷ್ಟು ಅಂಜುಬುರುಕರು. ಆದರೂ ತಿದ್ದಲಿಕ್ಕೆ ಮನಸ್ಸು ಬರಲಿಲ್ಲ ನೋಡಿರಿ. ಮೊಮ್ಮಕ್ಕಳು ಆ ಪುಟವನ್ನು ಶಾಲೆಗೆ ಒಯ್ದು ತೋರಿಸಿ ಬಂದಿದ್ದರು.

ಈ ಹೆಸರಿನ ಕಾಟ ನಮಗೆ ಹೊಸದಲ್ಲ. ನಿಮ್ಮೂರಿನ ಪೈಲ್ವಾನರು ಗೆದ್ದ ವರ್ಷ ಹತ್ತು ಮಂದಿ ಹಲಗೆ ಬಾರಿಸುತ್ತ ಹಾರ ಹಿಡಿದುಕೊಂಡು ನಮ್ಮ ಮನೆಗೇ ಬಂದಿದ್ದರು. ನಮ್ಮವರು ಬನಿಯನ್ನಿನಲ್ಲಿ ಹೊರಗೆ ಬಂದರು, ಉಬ್ಬಸದ ಮನುಷ್ಯ, ಪಕ್ಕೆಲುಬು ಎಣಿಸಬಹುದಿತ್ತು. “ಇವ್ರೇನಾ?” ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮವರು ಎಲ್ಲರಿಗೂ ಚಹಾ ಕುಡಿಸಿ, ಹದಿಮೂರರ ಮಗ್ಗಿ ಕೇಳಿ ಕಳಿಸಿದರು. ಅಂಥದ್ದಾದರೆ ನಗಬಹುದು.

ಮೊನ್ನೆ ಬಂದ ಹೆಣ್ಣುಮಗಳನ್ನು ಕಂಡು ನಗಲಿಕ್ಕಾಗಲಿಲ್ಲ. ಲಕ್ಷ್ಮಿಬಾಯಿ ಒಳಗೆ ಬಂದು ಕೂರಲಿಲ್ಲ, ನೀರು ಮುಟ್ಟಲಿಲ್ಲ. ನನ್ನ ಮುಖವನ್ನು ನೋಡಿದಳು, ಅಡುಗೆಮನೆ ನೋಡಿದಳು, ಗೂಟದ ಮೇಲಿನ ಅಂಗಿಯನ್ನು ಸುದ್ದಾ ನೋಡಿದಳು. “ನಿಮ್ಮವರ ಫೋಟೋ ತೋರಸ್ರಿ” ಅಂದಳು. ತೋರಿಸಿದೆ. ಸೆರಗಿನಿಂದ ಗಾಜು ಒರೆಸಿ ಬಹಳ ಹೊತ್ತು ನೋಡಿದಳು. “ಇವ್ರಲ್ಲ” ಅಂದಳು. ಆಮೇಲೆ ನನ್ನ ಹೆಗಲಿನ ಮೇಲೆ ತಲೆ ಇಟ್ಟು ಅತ್ತಳು. “ಅಕ್ಕಾ, ಇವ್ರೇ ಆಗಿದ್ರ ನಿಮ್ಮ ಜೋಡಿ ಜಗಳಾ ಮಾಡಿ ಹೋಗ್ತಿದ್ದೆ. ಬದುಕಿದ್ರು ಅಂತಾದ್ರೂ ಆಗ್ತಿತ್ತು. ಈಗ ಅದೂ ಇಲ್ಲ” ಅಂದಳು. ನಾವಿಬ್ಬರೂ ಅವತ್ತು ಊಟ ಮಾಡುತ್ತ ನಮ್ಮವರು, ನಮ್ಮವರು ಎಂದೇ ಮಾತಾಡಿದೆವು. ಒಂದೇ ಹೆಸರಿನ ಇಬ್ಬರು ಗಂಡಂದಿರು, ಆ ಹೆಸರು ಇಬ್ಬರ ಬಾಯಿಗೂ ಬರಲಿಲ್ಲ.

ನೀವು ನಮ್ಮವರ ಜೊತೆ ಹತ್ತು ವರ್ಷ ಒಂದೇ ಜಗುಲಿಯಲ್ಲಿ ಕೂತವರು. ಅವರಿಗೆ ಈಜು ಬರುವುದಿಲ್ಲ ಎಂದು ನಿಮಗೆ ನನ್ನಷ್ಟೇ ಗೊತ್ತು. ಮರೆತು ಬರೆದಿರಿ ಎಂದರೆ ನಾನು ನಂಬುವುದಿಲ್ಲ. ಏನು ಮಾಡಿದ್ದೀರಿ ಧನರಾಜಪ್ಪ? ನನಗೆ ಹೇಳದಿದ್ದರೂ ಆ ಹುಡುಗಿಗೆ ಹೇಳಿರಿ.

ಉಮಾಬಾಯಿ


ಕುರುಬರ ಹಟ್ಟಿ,
6 ಆಗಸ್ಟ್ 2023

ಮಾಸ್ತರರಿಗೆ,

ಖೇಡದಿಂದ ಬಂದ ಮೇಲೆ ನಿಮ್ಮ ಪುಟವನ್ನು ಮತ್ತೆ ಓದಿದೆ. “ಮೊದ್ಲು ಬಲೆ ಹಿಡಿ, ಹೆಸರು ದಂಡ್ಯಾಗ ಹೇಳ್ತೀನಿ.” ಇದು ಅಪ್ಪನದೇ ಮಾತು, ಅವರು ಎಲ್ಲರನ್ನೂ ಹೀಗೇ ಗದರುತ್ತಿದ್ದರು ಎಂದು ಅವ್ವ ಹೇಳುತ್ತಾಳೆ. ಆದರೆ ಆ ಆರು ಮಂದಿಯಲ್ಲಿ ಯಾರೂ ಈ ಮಾತು ನಮಗೆ ಹೇಳಿಲ್ಲ. ಮೊನ್ನೆ ತಾಂಡೂರಿಗೆ ಹೋಗಿ ಬದುಕಿರುವ ಮೂವರನ್ನೂ ಕೇಳಿಬಂದೆ, ಅವರಿಗೆ ಗೊತ್ತೇ ಇಲ್ಲ.

ನಡುನೀರಿನಲ್ಲಿ ಆಡಿದ ಮಾತು ನಿಮ್ಮ ಪುಸ್ತಕಕ್ಕೆ ಹೇಗೆ ಬಂತು? ಏಳನೆಯವರು ಯಾರೆಂದು ನಿಮಗೆ ಗೊತ್ತಿದೆ. ಇದನ್ನು ನಾನು ಅವ್ವನ ಮುಂದೆ ಹೇಳಿದಾಗ ಅವಳು ಎದ್ದು ಹೋಗಿ ಕಂಬಳಿ ಮಡಚತೊಡಗಿದಳು.

ಹೆಸರು ಬರೆದು ಕಳಿಸಿರಿ. ಅವರ ಕಾಲು ಹಿಡಿದಾದರೂ ಕರೆತರುತ್ತೇನೆ.

ನಾಗರತ್ನಾ


ಜಹೀರಾಬಾದ್,
5 ಸೆಪ್ಟೆಂಬರ್ 2023

ನಾಗರತ್ನಾ ತಾಯಿಗೆ,

ಒಂದು ತಿಂಗಳಲ್ಲಿ ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇವತ್ತು ಶಿಕ್ಷಕರ ದಿನಾಚರಣೆಗೆ ಹಳೆಯ ವಿದ್ಯಾರ್ಥಿಗಳು ಬಂದು ಶಾಲು ಹೊದಿಸಿ ಹೋದರು. ಆ ಶಾಲು ಹೊದ್ದುಕೊಂಡು ಇದನ್ನು ಬರೆಯಲಾಗಲಿಲ್ಲ. ತೆಗೆದಿಟ್ಟು ಬರೆಯಲು ಕೂತಿದ್ದೇನೆ.

ಏಳನೆಯವನು ನಾನು.

ಪೆದ್ದೆಮುಲ್ ಕಡೆಯ ಶಾಲೆಯೊಂದನ್ನು ನೋಡಿಕೊಂಡು ಬರಲು ಆ ಜೀಪು ಹತ್ತಿದ್ದೆ. ನಿಮ್ಮ ತಂದೆ ಬಲೆಯ ಒಂದು ತುದಿಯನ್ನು ಮರಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಮೊಣಕೈಗೆ ಸುತ್ತಿಕೊಂಡು ಏಳು ಸಲ ನೀರಿಗಿಳಿದರು. ನಾನು ಜೀಪಿನ ಮೇಲೆ ಕಡೆಗೆ ಉಳಿದವನು, ಇಳಿಯಲು ಧೈರ್ಯ ಸಾಲದೆ ಉಳಿದವನು. ಹೆಸರು ಕೇಳಿದವನೂ ನಾನೇ. ಗದರಿದರು. ಅರ್ಧ ದಾಟಿದ ಮೇಲೆ ತಾವಾಗಿಯೇ “ಕಾಶಪ್ಪ ಅಂತಾರ ನೋಡ್ರಿ” ಅಂದರು. ದಡ ಇನ್ನು ಎರಡು ಮಾರು ಇತ್ತು. ಅವರ ಮೊಣಕೈಯಿಂದ ಬಲೆ ಕಳಚಿತು. ನನ್ನ ಬಲಗೈಯಲ್ಲಿ ಬಲೆ ಇತ್ತು, ಎಡಗೈಯಲ್ಲಿ ಅವರ ಕೈ ಇತ್ತು. ನೀರು ಇಬ್ಬರನ್ನೂ ಎಳೆಯಿತು. ಅವರ ಕೈ ಜಾರಲಿಲ್ಲ ತಾಯಿ. ನಾನು ಬಿಟ್ಟೆ. ಬೆರಳು ಬಿಡಿಸಿಕೊಂಡೆ.

ಮಳೆಯ ಕತ್ತಲಿನಲ್ಲಿ ಏನೂ ಕಾಣದೆ ದಡದ ಮೇಲೆ ಎಲ್ಲರೂ ಅವರೆಲ್ಲಿ ಎಂದು ಕೇಳಿದರು. “ಮೊದಲೇ ಹೋದರು, ನಾನು ನೋಡಲಿಲ್ಲ” ಎಂದೆ. ಸಿಕ್ಕ ಲಾರಿ ಹತ್ತಿ ಊರಿಗೆ ಬಂದುಬಿಟ್ಟೆ. ಅವತ್ತಿನಿಂದ ಈ ಎಡಗೈ ಸುಮ್ಮನಿಲ್ಲ. ನಲ್ಲಿಯ ಕೆಳಗೆ ಹಿಡಿದರೆ ಯಾರೋ ಹಿಡಿದಂತಾಗುತ್ತದೆ. ಬೋರ್ಡಿನ ಮೇಲೆ ಬರೆಯುವಾಗ ಅದನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಮಕ್ಕಳು ಅದನ್ನು ಗತ್ತು ಅಂದುಕೊಂಡಿದ್ದರು.

ಮರುವರ್ಷ ಖೇಡದಲ್ಲಿ ಒಬ್ಬರು ಕೈ ಮುಗಿದು “ನಾನು ಕಾಶಪ್ಪ” ಎಂದಾಗ ನಾನು ಇನ್ನೊಮ್ಮೆ ಹೆಸರು ಕೇಳಿದೆ. ಆ ಮನುಷ್ಯ ಚಹಾ ಕುಡಿಯುತ್ತಿದ್ದರು, ಕೆಮ್ಮುತ್ತಿದ್ದರು, ಬದುಕಿದ್ದರು. ಆ ಹೆಸರು ಹಿಡಿದು ಕರೆದರೆ ಓಗೊಡುವವರೊಬ್ಬರು ಸಿಕ್ಕರು ಎಂದೇ ನಾನು ಅವರ ಜಗುಲಿ ಬಿಡಲಿಲ್ಲ. ಉಮಾಬಾಯಿಯವರಿಗೆ ಇದು ಗೊತ್ತಿಲ್ಲ. ಪುಸ್ತಕ ಬರೆಯುವಾಗ ಎರಡು ಚೀಟಿ ಬೇರೆ ಬೇರೆಯೇ ಇದ್ದವು. ಒಂದರಲ್ಲಿ ನಿಮ್ಮ ತಂದೆ, ಒಂದರಲ್ಲಿ ಅವರು. ನಿಮ್ಮ ತಂದೆಯ ಚೀಟಿಯ ಕೊನೆಗೆ ‘ಮುಳುಗಿದರು’ ಎಂದು ಬರೆಯಲು ಕೈ ಏಳಲಿಲ್ಲ. ಪುಸ್ತಕದಲ್ಲಾದರೂ ದಡಕ್ಕೆ ಬರಲಿ ಎಂದು ಎರಡನ್ನೂ ಕೂಡಿಸಿದೆ. ಅದು ನಿಮ್ಮ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಉಳಿದ ಪ್ರತಿಗಳನ್ನೆಲ್ಲ ಮನೆಗೆ ತರಿಸಿ ಆ ಪುಟಕ್ಕೆ ಹೊಸ ಚೀಟಿ ಅಂಟಿಸುತ್ತಿದ್ದೇನೆ. ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ.

ಧನರಾಜ


ಕುರುಬರ ಹಟ್ಟಿ,
21 ಸೆಪ್ಟೆಂಬರ್ 2023

ಧನರಾಜರಿಗೆ,

ನಿಮ್ಮ ಪತ್ರವನ್ನು ಅವ್ವನಿಗೆ ಪೂರ್ತಿ ಓದಿದೆ. ಬೆರಳು ಬಿಡಿಸಿಕೊಂಡದ್ದನ್ನೂ ಓದಿದೆ.

ನಾನು ನಿಮ್ಮನ್ನು ಕ್ಷಮಿಸಿಲ್ಲ. ಕೈ ಬಿಟ್ಟದ್ದಕ್ಕಲ್ಲ, ಆ ನೀರಿನಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ. ಇಪ್ಪತ್ತೇಳು ವರ್ಷ ಜಹೀರಾಬಾದಿನಲ್ಲಿ ಕೂತು ಮಂದಿಯ ಮಕ್ಕಳಿಗೆ ಪಾಠ ಹೇಳಿದಿರಲ್ಲ, ಅದಕ್ಕೆ.

ಅಕ್ಟೋಬರ್ ಹದಿನಾಲ್ಕು, ಶನಿವಾರ, ಮಹಾಲಯ ಅಮಾವಾಸ್ಯೆ. ಮುಂಜಾನೆ ಒಂಬತ್ತಕ್ಕೆ ಹಳ್ಳಕ್ಕೆ ಬನ್ನಿ. ನೀರು ಮೊಣಕಾಲುದ್ದ ಇದೆ, ಅಂಜಬೇಡಿ. ಶಾಲು ಗೀಲು ಬೇಡ.

ನಾಗರತ್ನಾ


ಕುರುಬರ ಹಟ್ಟಿ,
29 ಅಕ್ಟೋಬರ್ 2023

ಮಾಸ್ತರರಿಗೆ,

ಅವತ್ತು ನೀವು ಊಟ ಮಾಡದೆ ಹೋದಿರಿ. ಎಡೆ ಹಾಕಿದ್ದೆವು.

ಅವ್ವ ಮನೆಗೆ ಬಂದು ತಾನೇ ತಾಳಿ ತೆಗೆದು ದೇವರ ಗೂಡಿನಲ್ಲಿಟ್ಟಳು. ನನ್ನನ್ನು ಮುಟ್ಟಗೊಡಲಿಲ್ಲ. ಕಂಬಳಿಯನ್ನು ಮೊಗುಡಂಪಲ್ಲಿ ಕಡೆಯಿಂದ ಕುರಿ ಹೊಡೆದುಕೊಂಡು ಬಂದ ಮುದುಕರೊಬ್ಬರಿಗೆ ಕೊಟ್ಟಳು. ಈಗ ರೊಟ್ಟಿ ತಿನ್ನುತ್ತಾಳೆ. ಹೋದ ವಾರ ಮಳೆ ಬಂತು, ಬಾಗಿಲಿಗೆ ಹೋಗಲಿಲ್ಲ. ನಾನೇ ಹೋಗಿ ನಿಂತೆ. ಹೇಳಬಾರದು, ಆದರೂ ಹೇಳುತ್ತೇನೆ, ಈಗ ಮನೆ ಖಾಲಿ ಅನ್ನಿಸುತ್ತದೆ. ಅಂಜಿಕೊಂಡೇ ಬೆಳೆದೆನಲ್ಲ, ಆ ಅಂಜಿಕೆಯಲ್ಲಿ ಅಪ್ಪ ಇದ್ದ.

ಒಂದು ವಿಷಯ ಕೇಳಬೇಕು. ಅವ್ವ ಹೆಸರು ಕೂಗಿದ್ದು ದಡದ ಮೇಲಿದ್ದ ನನಗೆ ಕೇಳಿಸಿತು. ಜೀವಮಾನದಲ್ಲಿ ಮೊದಲ ಸಲ ಆ ಹೆಸರನ್ನು ಅವಳ ದನಿಯಲ್ಲಿ ಕೇಳಿದೆ. ನೀವು ಮೂರು ಸಲವೂ “ಓ” ಅಂದಿರಿ. ಅದಾದ ಮೇಲೆ ಅವ್ವ ನಿಮ್ಮ ಹತ್ತಿರ ಬಂದು ಬಹಳ ಹೊತ್ತು ಏನೋ ಮಾತಾಡಿದಳು. ನೀವು ನೀರಿನಲ್ಲೇ ಕುಸಿದು ಕೂತಿರಿ. ಕೇಳಿದರೆ “ಏನಿಲ್ಲ, ಸುಮ್ಕಿರು” ಅನ್ನುತ್ತಾಳೆ. ನಿಮಗೆ ಶಾಪ ಹಾಕಿದಳೇ? ಹಾಕಿದ್ದರೆ ಹೇಳಿರಿ, ಹಿಂದಕ್ಕೆ ತೆಗೆದುಕೊಳ್ಳಲು ಹೇಳುತ್ತೇನೆ. ಸಾಕಾಗಿದೆ ಎಲ್ಲರಿಗೂ.

ನಾಗರತ್ನಾ


ಜಹೀರಾಬಾದ್,
6 ನವೆಂಬರ್ 2023

ನಾಗರತ್ನಾ ತಾಯಿಗೆ,

ನಿಮ್ಮ ತಾಯಿ ಶಾಪ ಹಾಕಲಿಲ್ಲ. ಹಾಕಿದ್ದರೆ ನಾನು ನಿಂತೇ ಇರುತ್ತಿದ್ದೆ, ಅದಕ್ಕೆ ತಯಾರಾಗಿಯೇ ಬಂದಿದ್ದೆ.

ಮೂರನೆಯ ಸಲ ನಾನು ಓ ಎಂದ ಮೇಲೆ ಅವರು ಹತ್ತಿರ ಬಂದು “ಇಷ್ಟು ದಿನ ಎಲ್ಲಿದ್ರಿ?” ಎಂದು ಕೇಳಿದರು. ಗಂಡನನ್ನು ಕೇಳಿದರೋ ನನ್ನನ್ನು ಕೇಳಿದರೋ ತಿಳಿಯಲಿಲ್ಲ. ನನಗೆ ತಿರುಗಿ ನೋಡುವ ಅಪ್ಪಣೆ ಇರಲಿಲ್ಲ. ನೀರು ನೋಡುತ್ತಲೇ “ಅಂಜಿದ್ದೆ” ಎಂದೆ.

“ನಾನೂ ಅಂಜಿದ್ದೆರಿ ಮಾಸ್ತರ್” ಎಂದರು.

ನನಗೆ ಅರ್ಥವಾಗಲಿಲ್ಲ. ಆಗ ಹೇಳಿದರು. ಜೀಪಿನ ಡ್ರೈವರ್ ನರಸಿಂಹುಲು ಅದೇ ವಾರ ನಿಮ್ಮ ಮನೆಗೆ ಬಂದವನು, ಕಡೆಗೆ ಉಳಿದವರು ಜಹೀರಾಬಾದಿನ ಕನ್ನಡ ಮಾಸ್ತರರು, ಹೆಸರು ಧನರಾಜ ಎಂದು ಅವರೊಬ್ಬರ ಕಿವಿಯಲ್ಲಿ ಹೇಳಿ ಹೋಗಿದ್ದನಂತೆ. ಇಪ್ಪತ್ತೇಳು ವರ್ಷ ಅವರಿಗೆ ನನ್ನ ಹೆಸರು ಗೊತ್ತಿತ್ತು, ಊರು ಗೊತ್ತಿತ್ತು. ಒಂದು ಬಸ್ಸು ಹತ್ತಿದ್ದರೆ ಸಾಕಿತ್ತು. “ನಿಮ್ಮನ್ನ ಕರದ್ರ ನೀವು ಬಂದುಬಿಡ್ತಿದ್ರಿ. ನೀವು ಬಂದು ಓ ಅಂದ್ರ ಅವ್ರು ಸತ್ತೇಹೋಗ್ತಿದ್ರು. ಅದಕ್ಕ ಕಡೀಗೆ ಕಂಡವ್ರು ಸಿಗ್ಲಿಲ್ಲ, ಸಿಗ್ಲಿಲ್ಲ ಅಂತ ಎಲ್ಲರಿಗೂ ಹೇಳ್ಕೊಂತ ಬಂದೆ. ನೀವು ಬರ್ಲಿಲ್ಲ ಅಂತ ನಿಮಗ ಕೈ ಮುಗೀತಿದ್ದೆ” ಎಂದರು. ನಾನು ನೀರಿನಲ್ಲಿ ಕೂತದ್ದು ಆಗಲೇ.

“ಇದನ್ನ ಮಗಳಿಗೆ ಹೇಳಬ್ಯಾಡ್ರಿ, ಅಪ್ಪನ ದಾರಿ ಕಾಯ್ಸಿದ್ದು ನಾನೇ ಅಂತ ಸಿಟ್ಟಾಗ್ತಾಳ” ಎಂದೂ ಅಂದರು. ಒಪ್ಪಿಕೊಂಡೇ ಬಂದಿದ್ದೆ. ನಿಮ್ಮ ಪತ್ರ ಓದಿದ ಮೇಲೆ ಆ ಮಾತು ಉಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಸಿಟ್ಟಾಗುವುದಿದ್ದರೆ ನನ್ನ ಮೇಲೆ ಆಗಿರಿ, ನಿಮ್ಮ ತಾಯಿ ರೊಟ್ಟಿ ಉಣ್ಣಲಿ.

ಧನರಾಜ